ಬಿಪಿ ಇಳಿಸುವ ಪಟ್ಟಿ, ವಾಚು ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಮಾತ್ರೆಯ ಹಂಗಿಲ್ಲದೆ ಬಿಪಿ ಇಳಿಸಿಕೊಳ್ಳಿ ಎನ್ನುವ ಜಾಹೀರಾತುಗಳು ಈಚೆಗೆ ಪತ್ರಿಕೆಗಳಲ್ಲೂ ಮೊಬೈಲಿನಲ್ಲೂ ಹೆಚ್ಚಾಗಿವೆ. ಅಯಸ್ಕಾಂತದ ಪಟ್ಟಿ, ಕೆಂಪು ಬೆಳಕು ಬಿಡುವ ‘ಲೇಸರ್ ವಾಚು’, ತಾಮ್ರದ ಕಡಗ, ಬಿಪಿ ತೋರಿಸುವ ಸ್ಮಾರ್ಟ್‌ವಾಚು, ಉಸಿರಾಟ ಕಲಿಸುವ ಯಂತ್ರ, ಎಲ್ಲವೂ ಒಂದೇ ಬಗೆಯ ಮಾತಿನಲ್ಲಿ ಮಾರಾಟವಾಗುತ್ತಿವೆ. ಇವುಗಳಲ್ಲಿ ಒಂದೆರಡಕ್ಕೆ ಆಧಾರವಿದೆ, ಕೆಲವಕ್ಕೆ ಅರೆಬರೆ ಆಧಾರ, ಉಳಿದವಕ್ಕೆ ಏನೇನೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಪುರುಷರಲ್ಲಿ ಶೇ 24, ಮಹಿಳೆಯರಲ್ಲಿ ಶೇ 21 ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಇಷ್ಟು ಜನರ ಆರೋಗ್ಯದ ವಿಷಯ ಆದ್ದರಿಂದ ಯಾವುದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲಿಗೆ ಒಂದು ಮಾತು. ಮೈಮೇಲೆ ಕಟ್ಟಿಕೊಂಡ ಮಾತ್ರಕ್ಕೆ ಬಿಪಿ ಇಳಿಸುವ ವಾಚಾಗಲಿ ಪಟ್ಟಿಯಾಗಲಿ ಇಲ್ಲ. ಒಳ್ಳೆಯ ಸಾಧನ ಮಾಡುವುದು ಇಷ್ಟೇ: ಬಿಪಿ ಇಳಿಸುವಂಥ ಒಂದು ಕೆಲಸವನ್ನು ನಿಮ್ಮಿಂದ ಸರಿಯಾದ ಅಳತೆಯಲ್ಲಿ, ದಿನವೂ ತಪ್ಪದೆ ಮಾಡಿಸುತ್ತದೆ. ನಿಧಾನ ಉಸಿರಾಟ, ನಡಿಗೆ, ನಿದ್ದೆಯಲ್ಲಿ ಉಸಿರು ಕಟ್ಟದಂತೆ ನೋಡಿಕೊಳ್ಳುವುದು, ಸಾಧನಗಳ ನಿಜವಾದ ಉಪಯೋಗ ಈ ಮೂರರಲ್ಲಿ. ಬಿಪಿ ಅಳೆಯುವ ವಿಷಯ ಬೇರೆಯೇ. ಅಲ್ಲಿ ಈಗಲೂ ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿಯೇ ಗತಿ. ಹೆಚ್ಚಿನ ಗೊಂದಲ ಇರುವುದು ಅಲ್ಲೇ ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ.

ಸ್ಮಾರ್ಟ್‌ವಾಚನ್ನು ಬಿಚ್ಚಿ ಹಿಂಬದಿ ನೋಡಿ. ಹಸಿರು ಬೆಳಕು ಮಿನುಗುತ್ತಿರುತ್ತದೆ. ಆ ಬೆಳಕು ಚರ್ಮದೊಳಕ್ಕೆ ಹೋಗಿ, ಸಣ್ಣ ರಕ್ತನಾಳಗಳಲ್ಲಿ ನಾಡಿಗೊಮ್ಮೆ ರಕ್ತ ಏರಿಳಿಯುವುದಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗಿ ಹಿಂದಿರುಗುತ್ತದೆ. ವಾಚಿಗೆ ಸಿಗುವುದು ಆ ಅಲೆಯ ಆಕಾರ ಮಾತ್ರ. ನಾಡಿ ಎಷ್ಟು ಎಂಬುದನ್ನು ಅದರಿಂದ ಚೆನ್ನಾಗಿಯೇ ಎಣಿಸಬಹುದು. ಒತ್ತಡ ಎಷ್ಟು ಎಂಬುದನ್ನು ಮಾತ್ರ ಅಂದಾಜು ಮಾಡಬೇಕಾಗುತ್ತದೆ. ಅದಕ್ಕೇ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚಿನ ಬಿಪಿ ಸೌಲಭ್ಯ ಬಳಸುವವರು 28 ದಿನಕ್ಕೊಮ್ಮೆ ತೋಳಿನ ಯಂತ್ರದಲ್ಲಿ ಅಳೆದು ಆ ಸಂಖ್ಯೆಯನ್ನು ವಾಚಿಗೆ ಊಡಬೇಕು. ನೀವು ಕೊಟ್ಟ ಸಂಖ್ಯೆಯ ಆಸುಪಾಸಿನಲ್ಲೇ ವಾಚು ಲೆಕ್ಕ ಹಾಕುತ್ತದೆ. ನಡುವೆ ಮಾತ್ರೆ ಬದಲಾದರೆ, ರಕ್ತನಾಳದ ಬಿಗಿ ಬದಲಾದರೆ, ಚಳಿಗೆ ಕೈ ತಣ್ಣಗಾದರೆ, ಪಟ್ಟಿ ಸಡಿಲವಾದರೆ ಲೆಕ್ಕ ತಪ್ಪುತ್ತದೆ. ತಪ್ಪಿದ್ದು ನಿಮಗೆ ಗೊತ್ತಾಗುವುದೂ ಇಲ್ಲ, ಏಕೆಂದರೆ ಪರದೆಯ ಮೇಲೆ ಮೂಡುವ ಸಂಖ್ಯೆ ಎಂದಿನಂತೆಯೇ ಅಚ್ಚುಕಟ್ಟಾಗಿರುತ್ತದೆ.

2025ರ ಸೆಪ್ಟೆಂಬರಿನಲ್ಲಿ ಆ್ಯಪಲ್ ವಾಚಿಗೆ ಬಂದ ಸೌಲಭ್ಯವನ್ನೂ ಹಲವರು ತಪ್ಪು ತಿಳಿದಿದ್ದಾರೆ. ಅದು ಬಿಪಿ ಸಂಖ್ಯೆ ಕೊಡುವುದೇ ಇಲ್ಲ. 30 ದಿನಗಳ ನಾಡಿಯಲೆ ನೋಡಿ, ‘ಬಿಪಿ ಹೆಚ್ಚಿರುವ ಲಕ್ಷಣವಿದೆ, ಪರೀಕ್ಷಿಸಿಕೊಳ್ಳಿ’ ಎಂದು ಎಚ್ಚರಿಸುತ್ತದೆ, ಅಷ್ಟೇ. ಅದೂ ಈಗಾಗಲೇ ಬಿಪಿ ಇದೆಯೆಂದು ಗೊತ್ತಾದವರಿಗೆ, ಗರ್ಭಿಣಿಯರಿಗೆ, 22 ವರ್ಷದೊಳಗಿನವರಿಗೆ ಅಲ್ಲ. ಮಾತ್ರೆ ನುಂಗುತ್ತಿರುವ ತಂದೆತಾಯಿಗೆಂದು ಅಮೆರಿಕದಿಂದ ಮಕ್ಕಳು ಅದನ್ನು ತಂದುಕೊಟ್ಟರೆ ಬಿಪಿಯ ಮಟ್ಟಿಗೆ ಏನೂ ಪ್ರಯೋಜನವಿಲ್ಲ. ಎಚ್ಚರಿಕೆ ಬರಲಿಲ್ಲ ಎಂದ ಮಾತ್ರಕ್ಕೆ ಬಿಪಿ ಇಲ್ಲ ಎಂದೂ ಅಲ್ಲ. ಓಮ್ರಾನ್ ಕಂಪನಿಯ ಹಾರ್ಟ್‌ಗೈಡ್‌ನಂಥ ವಾಚು ಬೇರೆ ಜಾತಿ. ಅದರ ಪಟ್ಟಿಯೊಳಗೇ ಗಾಳಿ ತುಂಬುವ ಚೀಲವಿದೆ, ನಿಜವಾಗಿ ಒತ್ತಿ ಅಳೆಯುತ್ತದೆ. ಆದರೆ ಮಣಿಕಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಲೇಬೇಕು. ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ರಕ್ತದ ಭಾರವೇ ಸೇರಿ ಬಿಪಿ 7–8 ಪಾಯಿಂಟ್ (ಮಿ.ಮೀ. ಪಾದರಸ) ಹೆಚ್ಚು ತೋರಿಸುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆ.

ಅಮೆರಿಕದ ಹೃದ್ರೋಗ ಸಂಘಟನೆಗಳು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಅದಕ್ಕೆ ಮೊದಲು 2023ರಲ್ಲಿ ಬಂದ ಯುರೋಪಿನ ಮಾರ್ಗಸೂಚಿಯೂ ಗಾಳಿಪಟ್ಟಿ ಇಲ್ಲದ ವಾಚು, ಉಂಗುರಗಳ ಬಿಪಿ ಸಂಖ್ಯೆ ನೋಡಿ ಚಿಕಿತ್ಸೆ ನಿರ್ಧರಿಸಬಾರದು ಎಂದಿವೆ. ನಮ್ಮ ಅಭಿಪ್ರಾಯವೂ ಅದೇ. ವಾಚು 118/76 ತೋರಿಸಿತೆಂದು ಮಾತ್ರೆ ಬಿಡುವುದು, 150 ತೋರಿಸಿತೆಂದು ಇನ್ನೊಂದು ಮಾತ್ರೆ ನುಂಗುವುದು, ಎರಡೂ ಅಪಾಯ.

ಹಾಗಾದರೆ ಅಳೆಯುವುದು ಹೇಗೆ? ತೋಳಿಗೆ ಸುತ್ತುವ ಆಟೊಮ್ಯಾಟಿಕ್ ಯಂತ್ರ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಪೆಟ್ಟಿಗೆಯ ಮೇಲೆ ತಯಾರಿಕೆಯ ಅಥವಾ ಆಮದಿನ ಪರವಾನಗಿ ಸಂಖ್ಯೆ ಇರಬೇಕು. 2021ರ ಜನವರಿಯಿಂದ ಬಿಪಿ ಯಂತ್ರಗಳೂ ನಮ್ಮಲ್ಲಿ ಔಷಧ ನಿಯಂತ್ರಣದ ವ್ಯಾಪ್ತಿಗೆ ಬಂದಿವೆ. ಅದಕ್ಕಿಂತ ಮುಖ್ಯ, ಪಟ್ಟಿಯ ಅಳತೆ. ಭುಜದ ಮೂಳೆಗೂ ಮೊಣಕೈಗೂ ನಡುಮಧ್ಯದಲ್ಲಿ ತೋಳಿನ ಸುತ್ತಳತೆಯನ್ನು ದರ್ಜಿ ಟೇಪಿನಲ್ಲಿ ಅಳೆಯಿರಿ. ಯಂತ್ರದೊಂದಿಗೆ ಸಾಮಾನ್ಯವಾಗಿ ಬರುವುದು 22ರಿಂದ 32 ಸೆಂಟಿಮೀಟರ್‌ವರೆಗಿನ ಪಟ್ಟಿ. ತೋಳು ಅದಕ್ಕಿಂತ ದಪ್ಪವಿದ್ದರೆ ದೊಡ್ಡ ಪಟ್ಟಿಯನ್ನು ಕೇಳಿ ತರಿಸಿಕೊಳ್ಳಬೇಕು. ತೀರಾ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿ ಅಳೆದರೆ ಮೇಲಿನ ಬಿಪಿ (118/76ರಲ್ಲಿ 118) ಸುಮಾರು 20 ಪಾಯಿಂಟ್ ಹೆಚ್ಚು ಬರುತ್ತದೆ ಎಂದು ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಅಂಥವರು ಇಲ್ಲದ ಬಿಪಿಗೆ ಮಾತ್ರೆ ತಿನ್ನಬೇಕಾಗಿ ಬರಬಹುದು.

ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಆ ಹೊತ್ತಿನಲ್ಲಿ ಮಾತೂ ಬೇಡ, ಟಿವಿ ಮೊಬೈಲೂ ಬೇಡ. ತೋಳು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟದಲ್ಲಿ. ಕೈಯನ್ನು ತೊಡೆಯ ಮೇಲಿಟ್ಟರೆ ಮೇಲಿನ ಬಿಪಿ ಸುಮಾರು 4 ಪಾಯಿಂಟ್, ಜೋತುಬಿಟ್ಟರೆ ಆರೂವರೆ ಪಾಯಿಂಟ್ ಹೆಚ್ಚು ಬರುತ್ತದೆಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ರವಿಕೆಯ ಬಿಗಿ ತೋಳನ್ನಾಗಲಿ ಅಂಗಿಯ ತೋಳನ್ನಾಗಲಿ ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಕಟ್ಟಿನಂತಾಗಿ ಅಳತೆ ಕೆಡುತ್ತದೆ. ತೋಳನ್ನು ಬಟ್ಟೆಯಿಂದ ಪೂರ್ತಿ ಹೊರಗೆ ತೆಗೆಯುವುದೇ ಸರಿ.

ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮುಂಚೆ ಎರಡು ಸಲ, ರಾತ್ರಿ ಮಲಗುವ ಮುನ್ನ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಿರಿ. ಹೀಗೆ ಏಳು ದಿನ. ಮೊದಲ ದಿನದ ನಾಲ್ಕು ಸಂಖ್ಯೆಗಳನ್ನು ಕೈಬಿಡಿ, ಹೊಸತೆಂಬ ಆತಂಕಕ್ಕೆ ಅವು ಏರಿರುತ್ತವೆ. ಉಳಿದ 24ರ ಸರಾಸರಿಯೇ ನಿಮ್ಮ ಬಿಪಿ. ಮನೆಯಲ್ಲಿ ಅಳೆದಾಗ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂದು ಬಹುತೇಕ ಮಾರ್ಗಸೂಚಿಗಳು ಹೇಳುತ್ತವೆ. ಈ ಸರಾಸರಿ ಕೈಯಲ್ಲಿಲ್ಲದೆ ಯಾವ ಸಾಧನವನ್ನೂ ಶುರುಮಾಡಬೇಡಿ. ಶುರುಮಾಡಿದ ಮೇಲೆ ಎಂಟು ವಾರ ಬಿಟ್ಟು ಇದೇ ಕ್ರಮದಲ್ಲಿ ಮತ್ತೆ ಏಳು ದಿನ ಅಳೆದು ಎರಡನ್ನೂ ಹೋಲಿಸಿ.

ಇನ್ನು ಉಸಿರಾಟದ ಯಂತ್ರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಔಷಧವಿಲ್ಲದೆ ಬಿಪಿ ಇಳಿಸುವುದಕ್ಕೆಂದೇ ಮೈಗೆ ಕಟ್ಟುವ ಸಾಧನಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಇದು. ಇಸ್ರೇಲಿನಲ್ಲಿ ಹುಟ್ಟಿದ ರೆಸ್ಪರೇಟ್ ಎಂಬ ಯಂತ್ರಕ್ಕೆ ವೈದ್ಯರ ಚೀಟಿ ಇಲ್ಲದೆ ಮಾರಲು ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಮೂರು ಭಾಗ: ಎದೆ ಅಥವಾ ಹೊಟ್ಟೆಯ ಸುತ್ತ ಕಟ್ಟುವ, ಸೆನ್ಸರ್ ಇರುವ ಪಟ್ಟಿ, ಅಂಗೈಯಗಲದ ಪೆಟ್ಟಿಗೆ, ಇಯರ್‌ಫೋನು. ಪಟ್ಟಿ ಹಿಗ್ಗಿ ಕುಗ್ಗುವುದನ್ನು ನೋಡಿ ನಿಮ್ಮ ಉಸಿರಿನ ಲಯವನ್ನು ಪೆಟ್ಟಿಗೆ ಮೊದಲು ತಿಳಿದುಕೊಳ್ಳುತ್ತದೆ. ಆಮೇಲೆ ಉಸಿರು ಎಳೆಯಲು ಒಂದು ಸ್ವರ, ಬಿಡಲು ಇನ್ನೊಂದು ಸ್ವರ ಕೇಳಿಸುತ್ತದೆ. ಬಿಡುವ ಸ್ವರವನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾ, ನಿಮಗೆ ಅರಿವಾಗದ ಹಾಗೆ, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರಿಗೆ ಇಳಿಸುತ್ತದೆ. ದಿನಕ್ಕೆ ಹದಿನೈದು ನಿಮಿಷ, ವಾರದಲ್ಲಿ ಕನಿಷ್ಠ ಮೂರು ನಾಲ್ಕು ದಿನ.

ಇದರ ಹಿಂದಿನ ಶರೀರಶಾಸ್ತ್ರ ಗಟ್ಟಿಯಾಗಿದೆ. ಕುತ್ತಿಗೆಯ ಮತ್ತು ಎದೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ತಿಳಿಸಿ, ನಾಡಿ ತಗ್ಗಿಸಿ, ರಕ್ತನಾಳವನ್ನು ಸಡಿಲಿಸುತ್ತವೆ. ಬಿಪಿ ಇರುವವರಲ್ಲಿ ಈ ಪ್ರತಿಕ್ರಿಯೆ ಮಂಕಾಗಿರುತ್ತದೆ. ನಿಮಿಷಕ್ಕೆ ಆರರಂತೆ ಉಸಿರಾಡಿದಾಗ ಅದು ಚುರುಕಾಗುತ್ತದೆ. ಇಟಲಿಯ ಸಂಶೋಧಕರು 2001ರಲ್ಲಿ ಒಂದು ಸ್ವಾರಸ್ಯದ ಸಂಗತಿ ಗಮನಿಸಿದರು: ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆ ಹೇಳಿದರೂ ‘ಓಂ ಮಣಿ ಪದ್ಮೇ ಹುಂ’ ಜಪಿಸಿದರೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಲ್ಲುತ್ತಿತ್ತು, ಈ ಪ್ರತಿಕ್ರಿಯೆಯೂ ಹೆಚ್ಚುತ್ತಿತ್ತು. ಅದಕ್ಕೂ ಹಿಂದೆ, 1973ರಲ್ಲೇ, ಇಂಗ್ಲೆಂಡಿನಲ್ಲಿದ್ದ ಭಾರತೀಯ ಮೂಲದ ವೈದ್ಯೆ ಚಂದ್ರಾ ಪಟೇಲ್ 20 ರೋಗಿಗಳಿಗೆ ಯೋಗದ ವಿಶ್ರಾಂತಿಯನ್ನೂ ದೇಹದ ಸ್ಥಿತಿಯನ್ನು ಆಗಿಂದಾಗಲೇ ತಿಳಿಸುವ ಬಯೋಫೀಡ್‌ಬ್ಯಾಕ್ ಯಂತ್ರವನ್ನೂ ಒಟ್ಟಿಗೆ ಕಲಿಸಿ ಫಲಿತಾಂಶವನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಸಾಧನ ಮತ್ತು ಉಸಿರಾಟದ ಈ ಜೋಡಿ ಇಂದು ನಿನ್ನೆಯದಲ್ಲ.

ಆದರೆ ಯಂತ್ರದ ಬಗ್ಗೆ ಪೂರ್ತಿ ಸತ್ಯ ಹೇಳಬೇಕು. ಎಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಮೇಲಿನ ಬಿಪಿ ಸುಮಾರು ಮೂರೂವರೆ ಪಾಯಿಂಟ್ ಇಳಿದಂತೆ ಕಂಡಿತು. ತಯಾರಕರ ಹಣ ಅಥವಾ ಕೈವಾಡ ಇದ್ದ ಪ್ರಯೋಗಗಳನ್ನು ತೆಗೆದುಹಾಕಿ ನೋಡಿದಾಗ ಆ ಲಾಭ ಉಳಿಯಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ‘ಮಾಡುವುದು ಸಮಂಜಸ’ ಎಂಬ ದರ್ಜೆಯ ಶಿಫಾರಸು ಕೊಟ್ಟಿತು, ನಿಜ. ನಮ್ಮ ತೀರ್ಮಾನ ಇದು: ಆ ಯಂತ್ರಕ್ಕೆ ದುಬಾರಿ ದುಡ್ಡು ಸುರಿಯುವ ಅಗತ್ಯವಿಲ್ಲ. ಅದು ಮಾಡಿಸುವ ಕೆಲಸವನ್ನು ಸಾಧಾರಣ ಸ್ಮಾರ್ಟ್‌ವಾಚಿನ ಉಸಿರಾಟದ ಆ್ಯಪ್ ಇಲ್ಲವೇ ಸೆಕೆಂಡು ಮುಳ್ಳಿರುವ ಗಡಿಯಾರ ನೋಡಿಕೊಂಡೇ ಮಾಡಬಹುದು. ಖರ್ಚಿಲ್ಲ, ಅಡ್ಡ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ, ಮಾತ್ರೆಯ ಜೊತೆಗೆ.

ಕ್ರಮ ಹೀಗಿರಲಿ. ಮೊದಲು ನಿಮ್ಮ ಸಹಜ ಉಸಿರನ್ನು ಒಂದು ನಿಮಿಷ ಎಣಿಸಿ. ಕುಳಿತಿರುವ ವಯಸ್ಕರಿಗೆ ಸಾಮಾನ್ಯವಾಗಿ ಅದು 12ರಿಂದ 20ರ ನಡುವೆ ಇರುತ್ತದೆ. ಹದಿನಾರರಿಂದ ಒಮ್ಮೆಲೇ ಆರಕ್ಕೆ ಹಾರಬೇಡಿ. ಮೊದಲ ವಾರ ಮೂರು ಸೆಕೆಂಡು ಒಳಕ್ಕೆ, ನಾಲ್ಕು ಸೆಕೆಂಡು ಹೊರಕ್ಕೆ. ಎರಡನೇ ವಾರ ಮೂರು ಒಳಕ್ಕೆ, ಐದು ಹೊರಕ್ಕೆ. ಮೂರನೇ ವಾರದಿಂದ ನಾಲ್ಕು ಒಳಕ್ಕೆ, ಆರು ಹೊರಕ್ಕೆ. ಅಲ್ಲಿಗೆ ಹತ್ತು ಸೆಕೆಂಡಿಗೆ ಒಂದು, ನಿಮಿಷಕ್ಕೆ ಆರು. ಮೂಗಿನಿಂದಲೇ ಉಸಿರಾಡಿ, ಹೊಟ್ಟೆ ಏರಿಳಿಯಲಿ, ಭುಜ ಏರುವುದು ಬೇಡ.

ಎಡವುವುದು ಎಲ್ಲಿ ಎಂದರೆ, ನಿಧಾನ ಎಂದ ಕೂಡಲೇ ಜನ ಎದೆ ಬಿರಿಯುವಷ್ಟು ಗಾಳಿ ಎಳೆದುಕೊಳ್ಳುತ್ತಾರೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ತಲೆ ಹಗುರವಾಗುತ್ತದೆ, ಬೆರಳ ತುದಿ, ತುಟಿ ಜುಮುಜುಮು ಎನ್ನುತ್ತದೆ. ಹಾಗಾದರೆ ನಿಲ್ಲಿಸಿ, ಸಹಜವಾಗಿ ಉಸಿರಾಡಿ. ಮತ್ತೆ ಶುರುಮಾಡುವಾಗ ಎಳೆಯುವ ಗಾಳಿಯ ಪ್ರಮಾಣ ಕಡಿಮೆ ಮಾಡಿ, ಲಯ ಅದೇ ಇರಲಿ. ಉಸಿರು ಬಿಗಿಹಿಡಿಯುವ ಕುಂಭಕವನ್ನು ಬಿಪಿ ಇರುವವರು ತಾವಾಗಿ ಮಾಡಲು ಹೋಗಬಾರದು. ಕಪಾಲಭಾತಿ, ಭಸ್ತ್ರಿಕಾಗಳಂಥ ರಭಸದ ಉಸಿರಾಟ ಇದಕ್ಕೆ ತದ್ವಿರುದ್ಧ, ಅವುಗಳಿಂದ ಇದೇ ಫಲ ನಿರೀಕ್ಷಿಸುವಂತಿಲ್ಲ. ಹೊರಬಿಡುವ ಉಸಿರು ಉದ್ದವಾಗದೆ ಇದ್ದರೆ ಭ್ರಾಮರಿಯಂತೆ ಗುಂಯ್ ಎಂದು ದನಿ ಸೇರಿಸಿಕೊಳ್ಳಿ, ತಾನಾಗಿ ಉದ್ದವಾಗುತ್ತದೆ. ಗಾಡಿ ಓಡಿಸುವಾಗ ಇದನ್ನು ಮಾಡಬಾರದು. ಅಸ್ತಮಾ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಲಿ.

ಇನ್ನೊಂದು ಮೋಸಹೋಗುವ ಜಾಗ: ಹದಿನೈದು ನಿಮಿಷ ಮುಗಿದ ತಕ್ಷಣ ಬಿಪಿ ನೋಡುವುದು. ಆಗ ಎಂಟು ಹತ್ತು ಪಾಯಿಂಟ್ ಇಳಿದಿರಬಹುದು. ಸುಮ್ಮನೆ ಕಣ್ಣುಮುಚ್ಚಿ ಕುಳಿತರೂ ಒಂದಷ್ಟು ಇಳಿಯುತ್ತದೆ. ಮಾರಾಟಗಾರರು ಅಂಗಡಿಯಲ್ಲಿ ತೋರಿಸುವ ‘ಮೊದಲು–ಆಮೇಲೆ’ ಪ್ರಾತ್ಯಕ್ಷಿಕೆಯ ಗುಟ್ಟು ಇಷ್ಟೇ. ಅಂಗಡಿಗೆ ನಡೆದು ಬಂದವರ ಬಿಪಿಯನ್ನು ಬಂದ ಕೂಡಲೇ ಅಳೆದು, ಪಟ್ಟಿ ಕಟ್ಟಿ ಹತ್ತು ನಿಮಿಷ ಕೂರಿಸಿ ಮತ್ತೆ ಅಳೆದರೆ, ಕೈಗೆ ಬಾಳೆನಾರು ಕಟ್ಟಿದ್ದರೂ ಇಳಿದಿರುತ್ತದೆ. ಲೆಕ್ಕಕ್ಕೆ ಬರುವುದು ಎಂಟು ವಾರದ ನಂತರದ ಏಳು ದಿನಗಳ ಸರಾಸರಿ.

ಉಸಿರಾಟದ ಸ್ನಾಯುಗಳಿಗೆ ತಡೆ ಕೊಟ್ಟು ವ್ಯಾಯಾಮ ಮಾಡಿಸುವ, ಬಾಯಲ್ಲಿ ಕಚ್ಚಿ ಹಿಡಿಯುವ ಪುಟ್ಟ ಸಾಧನವೂ ಈಗ ಮಾರುಕಟ್ಟೆಯಲ್ಲಿದೆ. ದಿನಕ್ಕೆ 30 ಉಸಿರು, ವಾರಕ್ಕೆ ಆರು ದಿನ, ಆರು ವಾರ ಮಾಡಿಸಿದಾಗ ಮೇಲಿನ ಬಿಪಿ 9 ಪಾಯಿಂಟ್ ಇಳಿಯಿತೆಂದು ಕೊಲರಾಡೊ ವಿಶ್ವವಿದ್ಯಾಲಯದವರು 2021ರಲ್ಲಿ ವರದಿ ಮಾಡಿದರು. ಭರವಸೆಯ ಫಲಿತಾಂಶವೇ. ಆದರೆ ಅದರಲ್ಲಿದ್ದವರು 36 ಜನ ಮಾತ್ರ.

ನಡಿಗೆಗೆ ಬರೋಣ. ಹೆಜ್ಜೆ ಎಣಿಸುವ ಸಾಧನ ಇಲ್ಲಿರುವ ಎಲ್ಲಕ್ಕಿಂತ ಅಗ್ಗ, ಅದರ ಆಧಾರವೂ ಗಟ್ಟಿ. 26 ಅಧ್ಯಯನಗಳನ್ನು ಸೇರಿಸಿ 2007ರಲ್ಲಿ ಮಾಡಿದ ವಿಶ್ಲೇಷಣೆಯಂತೆ, ಪೆಡೋಮೀಟರ್ ಕಟ್ಟಿಕೊಂಡವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದರು, ಮೇಲಿನ ಬಿಪಿ 3.8 ಪಾಯಿಂಟ್ ಇಳಿಯಿತು. ಅದರಲ್ಲೇ ಕಂಡುಬಂದ ಮುಖ್ಯ ಸಂಗತಿ, ಹೆಜ್ಜೆಯ ಗುರಿ ಇಟ್ಟುಕೊಂಡವರಲ್ಲಿ ನಡಿಗೆ ಹೆಚ್ಚಿತು. ಗುರಿಯಿಲ್ಲದೆ ಸುಮ್ಮನೆ ಕಟ್ಟಿಕೊಂಡವರದು ಹೆಚ್ಚಲಿಲ್ಲ. ಹತ್ತು ಸಾವಿರ ಎಂಬ ಸಂಖ್ಯೆಗೆ ಜೋತುಬೀಳಬೇಡಿ. ಮೊದಲ ವಾರ ಏನನ್ನೂ ಬದಲಿಸದೆ ಕಟ್ಟಿಕೊಂಡು ದಿನದ ಸರಾಸರಿ ತಿಳಿಯಿರಿ. ಅದು 3,500 ಆಗಿದ್ದರೆ ಮುಂದಿನ ಎರಡು ವಾರ 4,500, ಆಮೇಲೆ 5,500, ಕೊನೆಗೆ 6,000. ನಿಮಿಷಕ್ಕೆ ನೂರು ಹೆಜ್ಜೆಯ ಬಿರುಸಿನಲ್ಲಿ ನಡೆದರೆ 2,500 ಹೆಜ್ಜೆಗೆ 25 ನಿಮಿಷ ಸಾಕು.

ಎಣಿಕೆಯಲ್ಲಿ ತಪ್ಪುಗಳಿವೆ. ಮಣಿಕಟ್ಟಿನ ಪಟ್ಟಿ ಕೈಯ ಚಲನೆಯನ್ನು ಹೆಜ್ಜೆಯೆಂದು ತಿಳಿಯುತ್ತದೆ. ಚಪಾತಿ ಲಟ್ಟಿಸುವುದು, ಬಟ್ಟೆ ಕುಕ್ಕುವುದು, ಗುಂಡಿಬಿದ್ದ ರಸ್ತೆಯಲ್ಲಿ ಬೈಕ್ ಓಡಿಸುವುದು ಎಲ್ಲವೂ ಹೆಜ್ಜೆಗಳಾಗಿ ಸೇರಿಕೊಳ್ಳುತ್ತವೆ. ಅದಕ್ಕೆ ತಿರುಗುಮುರುಗಾಗಿ ವಾಕರ್ ಹಿಡಿದು ನಡೆಯುವ ಹಿರಿಯರ ಕೈ ಅಲುಗದ್ದರಿಂದ ಅವರ ನಡಿಗೆ ಲೆಕ್ಕಕ್ಕೇ ಬರುವುದಿಲ್ಲ. ಅಂಥವರು ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ಬಳಸಲಿ, ಇಲ್ಲವೇ ಫೋನನ್ನು ಜೇಬಿನಲ್ಲಿಟ್ಟುಕೊಳ್ಳಲಿ.

ಇದಕ್ಕಿಂತ ಮುಖ್ಯವಾದದ್ದು ನಾಡಿಯ ಗುರಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಗುಂಪಿನ ಮಾತ್ರೆಗಳು ನಾಡಿಯನ್ನು ಹೆಚ್ಚು ಏರಗೊಡುವುದಿಲ್ಲ. ವಾಚು ಮಾತ್ರ ವಯಸ್ಸಿನ ಲೆಕ್ಕ ಹಿಡಿದು ‘ನಾಡಿ 120 ಮುಟ್ಟಲಿ’ ಎನ್ನುತ್ತಿರುತ್ತದೆ. ಅದನ್ನು ಮುಟ್ಟಲು ಹೋಗಿ ಜನ ಮಿತಿಮೀರಿ ದಣಿಯುತ್ತಾರೆ. ಈ ಮಾತ್ರೆ ನುಂಗುವವರು ವಾಚಿನ ನಾಡಿಯ ಗುರಿಯನ್ನು ಆಫ್ ಮಾಡಿಬಿಡಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ಬಿರುಸು ಸರಿ. ಎದೆ ಹಿಡಿದುಕೊಂಡರೆ, ಕಣ್ಣು ಕತ್ತಲೆ ಬಂದರೆ ನಿಂತುಬಿಡಿ, ಆ ದಿನವೇ ವೈದ್ಯರನ್ನು ಕಾಣಿ.

ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ಅರ್ಧ ಕೂತು ನಿಲ್ಲುವ ವ್ಯಾಯಾಮ, ಹ್ಯಾಂಡ್‌ಗ್ರಿಪ್ ಹಿಸುಕಿ ಹಿಡಿಯುವ ವ್ಯಾಯಾಮಗಳೂ ಗಮನಕ್ಕೆ ತಕ್ಕವು. 270 ಪ್ರಯೋಗಗಳನ್ನು ಹೋಲಿಸಿದ 2023ರ ವಿಶ್ಲೇಷಣೆಯಲ್ಲಿ ಈ ಬಗೆಯವು ಮೇಲಿನ ಬಿಪಿಯನ್ನು ಸುಮಾರು 8, ಕೆಳಗಿನದನ್ನು 4 ಪಾಯಿಂಟ್ ಇಳಿಸಿ ಉಳಿದ ವ್ಯಾಯಾಮಗಳನ್ನೆಲ್ಲ ಮೀರಿಸಿದವು. ಎರಡೆರಡು ನಿಮಿಷದಂತೆ ನಾಲ್ಕು ಸಲ, ನಡುವೆ ಒಂದೆರಡು ನಿಮಿಷ ಬಿಡುವು, ವಾರಕ್ಕೆ ಮೂರು ದಿನ. ಹ್ಯಾಂಡ್‌ಗ್ರಿಪ್ ಆದರೆ ನಿಮ್ಮ ಪೂರ್ಣ ಬಲದ ಮೂರರಲ್ಲೊಂದು ಪಾಲು ಸಾಕು, ಪೂರ್ತಿ ಹಿಸುಕಬೇಕಿಲ್ಲ. ಇಲ್ಲಿ ವಾಚಿನ ಕೆಲಸ ಹೊತ್ತು ನೋಡುವುದಷ್ಟೇ. ಹಿಡಿದಿರುವಾಗ ಬಿಪಿ ಏರುತ್ತದೆ, ಉಸಿರು ಕಟ್ಟಿದರಂತೂ ಜೋರಾಗಿ ಏರುತ್ತದೆ. ಆದ್ದರಿಂದ ಗಟ್ಟಿಯಾಗಿ ಎಣಿಸುತ್ತಾ ಮಾಡಬೇಕು, ಎಣಿಸುವವರು ಉಸಿರು ಕಟ್ಟಲಾರರು. ಬಿಪಿ ಹತೋಟಿಗೆ ಬಾರದೆ 180ರ ಸುತ್ತ ಇರುವವರು, ಮಹಾಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಉಬ್ಬಿರುವವರು ಇದರ ಗೋಜಿಗೆ ಹೋಗಬಾರದು.

ಮೂರನೆಯದು ನಿದ್ದೆ. ಇದನ್ನು ನಮ್ಮ ಜನ, ಎಷ್ಟೋ ವೇಳೆ ವೈದ್ಯರೂ, ಕಡೆಗಣಿಸುತ್ತಾರೆ. ಜೋರು ಗೊರಕೆ, ನಡುವೆ ಉಸಿರು ನಿಂತು ಗಕ್ಕೆಂದು ಮತ್ತೆ ಶುರುವಾಗುವುದು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ದಪ್ಪ ಕುತ್ತಿಗೆ, ಜೊತೆಗೆ ಮೂರು ಬಗೆಯ ಮಾತ್ರೆ ಕೊಟ್ಟರೂ ಇಳಿಯದ ಬಿಪಿ: ಇಂಥವರಲ್ಲಿ ನಿದ್ದೆಯ ಉಸಿರುಕಟ್ಟು, ಅಂದರೆ ಸ್ಲೀಪ್ ಆಪ್ನಿಯಾ, ಇದೆಯೇ ಎಂದು ನೋಡಲೇಬೇಕು. ಉಸಿರು ನಿಂತಾಗಲೆಲ್ಲ ಆಮ್ಲಜನಕ ಕುಸಿದು, ದೇಹ ಬೆಚ್ಚಿಬಿದ್ದಂತಾಗಿ ರಕ್ತನಾಳಗಳು ಬಿಗಿಯುತ್ತವೆ. ರಾತ್ರಿ ಶೇ 10ರಿಂದ 20ರಷ್ಟು ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ವಾಚಿನ ರಾತ್ರಿಯ ಆಮ್ಲಜನಕದ ನಕ್ಷೆಯಲ್ಲಿ ಮತ್ತೆ ಮತ್ತೆ ಕುಸಿತ ಕಂಡರೆ ಅದೊಂದು ಒಳ್ಳೆಯ ಸುಳಿವು. ಕೈಮೇಲೆ ತಲೆಯಿಟ್ಟು ಮಲಗಿದರೂ, ಪಟ್ಟಿ ಸಡಿಲವಿದ್ದರೂ ಹಾಗೆ ಕಾಣಬಹುದಾದ್ದರಿಂದ ಅದೇ ತೀರ್ಪಲ್ಲ. ರಾತ್ರಿಯ ನಿದ್ದೆಯ ಪರೀಕ್ಷೆ, ಅಂದರೆ ಸ್ಲೀಪ್ ಸ್ಟಡಿ ಮಾಡಿಸಬೇಕು.

ಕಾಯಿಲೆ ಖಚಿತವಾದರೆ ಮೂಗಿಗೆ ಮಾಸ್ಕ್ ಕಟ್ಟಿ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಕೊಡುತ್ತಾರೆ. ಮಾತ್ರೆಗೆ ಬಗ್ಗದ ಬಿಪಿ ಇದ್ದ 194 ಮಂದಿಯ ಮೇಲೆ ಸ್ಪೇನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹನ್ನೆರಡು ವಾರ ಇದನ್ನು ಬಳಸಿದಾಗ 24 ಗಂಟೆಯ ಸರಾಸರಿ ಬಿಪಿ ಸುಮಾರು 3 ಪಾಯಿಂಟ್ ಇಳಿಯಿತು. ಹೆಚ್ಚು ಹೊತ್ತು ಕಟ್ಟಿಕೊಂಡವರಿಗೆ ಹೆಚ್ಚು ಲಾಭ. ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಬಳಸಿದರೆ ಬಿಪಿಯ ಮಟ್ಟಿಗೆ ಹೇಳಿಕೊಳ್ಳುವ ಫಲ ಸಿಗುವುದಿಲ್ಲ. ಜನ ಇದನ್ನು ಮೊದಲ ತಿಂಗಳಲ್ಲೇ ಮೂಲೆಗಿಡುವುದು ಸಣ್ಣ ಕಾರಣಗಳಿಗೆ: ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಬಾಯಿ ಒಣಗುತ್ತದೆ, ಮೂಗಿನ ಮೇಲೆ ಗಾಯವಾಗುತ್ತದೆ. ಸೋರಿದರೆ ಪಟ್ಟಿ ಇನ್ನಷ್ಟು ಬಿಗಿಯಬೇಡಿ. ಮಾಸ್ಕಿನ ಸಿಲಿಕೋನ್ ಅಂಚಿಗೆ ಮುಖದ ಜಿಡ್ಡು ಹತ್ತಿರುತ್ತದೆ, ದಿನವೂ ಸೌಮ್ಯ ಸೋಪಿನಲ್ಲಿ ತೊಳೆಯಿರಿ. ದಪ್ಪ ಮೀಸೆಯಿದ್ದರೆ ಮೂಗಿನ ಹೊಳ್ಳೆಗೆ ಕೂರುವ ಬಗೆಯ ಮಾಸ್ಕ್ ಕೇಳಿ. ಬಾಯಿ ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಜೋಡಿಸಿ, ಅದಕ್ಕೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ನೀರು ಹಾಕಿ. ಮೊದಲ ಕೆಲವು ದಿನ ಹಗಲಲ್ಲಿ ಅರ್ಧ ಗಂಟೆ ಕಟ್ಟಿಕೊಂಡು ರೂಢಿ ಮಾಡಿಕೊಂಡರೆ ರಾತ್ರಿ ಉಸಿರುಗಟ್ಟಿದ ಹಾಗೆ ಅನಿಸುವುದು ಕಡಿಮೆಯಾಗುತ್ತದೆ.

ಉಪ್ಪು, ತೂಕದ ಮಾತು ಓದುಗರಿಗೆ ಗೊತ್ತಿರುವುದೇ. ದಿನಕ್ಕೆ ಒಟ್ಟು ಐದು ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಸೇರಬೇಕು. ಯಾವ ವಾಚೂ ಇದನ್ನು ಎಣಿಸುವುದಿಲ್ಲ.

ಈಗ ಅಯಸ್ಕಾಂತದ ಪಟ್ಟಿ, ತಾಮ್ರದ ಕಡಗ, ಮಣಿಕಟ್ಟಿಗೆ ಕೆಂಪು ಬೆಳಕು ಬಿಡುವ ವಾಚು. ಇವು ಬಿಪಿ ಇಳಿಸುತ್ತವೆ ಎನ್ನಲು ನಂಬತಕ್ಕ ಪುರಾವೆ ಇಲ್ಲ. ಆದರೂ ‘ನನಗೆ ಗುಣವಾಯಿತು’ ಎಂದು ಪ್ರಾಮಾಣಿಕವಾಗಿಯೇ ಹೇಳುವವರಿದ್ದಾರೆ. ಕಾರಣವನ್ನು ಗಮನಿಸಿ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಬಿಪಿ ಮಾತ್ರೆಗಳಲ್ಲಿ ಒಂದು ಅಮ್ಲೋಡಿಪಿನ್. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಪಟ್ಟಿ ಕಟ್ಟಿಕೊಂಡ ದಿನವೇ ಮಾತ್ರೆ ಬಿಟ್ಟರೂ ನಾಲ್ಕಾರು ದಿನ ಬಿಪಿ ಹೆಚ್ಚುಕಡಿಮೆ ಹತೋಟಿಯಲ್ಲೇ ಇರುತ್ತದೆ. ಆ ದಿನಗಳಲ್ಲಿ ಅಳೆದವರು ಶ್ರೇಯಸ್ಸನ್ನು ಪಟ್ಟಿಗೆ ಕೊಟ್ಟು ಅಳೆಯುವುದನ್ನೇ ನಿಲ್ಲಿಸುತ್ತಾರೆ. ಎರಡನೇ ವಾರ ಬಿಪಿ ಮೊದಲಿದ್ದಲ್ಲಿಗೆ ಏರುತ್ತದೆ. ಯಾವ ನೋವೂ ಇರದ ಕಾರಣ ಗೊತ್ತಾಗುವುದಿಲ್ಲ, ಗೊತ್ತಾಗುವುದು ಪಾರ್ಶ್ವವಾಯು ಹೊಡೆದಾಗ. ಅಟೆನೊಲಾಲ್, ಕ್ಲೋನಿಡಿನ್‌ನಂಥ ಮಾತ್ರೆಗಳದು ಇನ್ನೂ ಕಷ್ಟ, ಥಟ್ಟನೆ ಬಿಟ್ಟರೆ ಬಿಪಿ ಪುಟಿದೇಳುವ ಅಪಾಯವಿದೆ. ನಡಿಗೆ, ಉಸಿರಾಟಗಳಿಂದ ನಿಜವಾಗಿಯೇ ಸರಾಸರಿ ಇಳಿದಿದ್ದರೆ ಬರೆದಿಟ್ಟ ಸಂಖ್ಯೆಗಳನ್ನು ವೈದ್ಯರಿಗೆ ತೋರಿಸಿ, ಮಾತ್ರೆಯ ಪ್ರಮಾಣವನ್ನು ಅವರೇ ಇಳಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುವುದಕ್ಕಾಗಲಿ ಅಲ್ಲಿ ಕೊಡುವ ಮಾತ್ರೆಗಾಗಲಿ ಹಣವಿಲ್ಲ. ಬಿಪಿ 180/120 ದಾಟಿದ್ದು, ಜೊತೆಗೆ ಎದೆನೋವು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಮತ್ತೆ ಮತ್ತೆ ಅಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಸಂಪಾದಕರಿಗೆ ನಮ್ಮದೊಂದು ನೇರ ಕೋರಿಕೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ರಕ್ತದೊತ್ತಡದ ಹೆಸರಿದೆ. ಈ ಕಾಯ್ದೆ ‘ಔಷಧ’ ಎನ್ನುವುದು ಮಾತ್ರೆ, ಟಾನಿಕ್‌ಗಳನ್ನಷ್ಟೇ ಅಲ್ಲ. ಆಹಾರ ಬಿಟ್ಟು, ದೇಹದ ರಚನೆ ಅಥವಾ ಕ್ರಿಯೆಯ ಮೇಲೆ ಪರಿಣಾಮ ಬೀರಲೆಂದು ಮಾಡಿದ ವಸ್ತುವೂ ಅದರೊಳಗೆ ಬರುತ್ತದೆ. ತಾಯಿತ, ಮಂತ್ರ, ಕವಚಗಳಿಗೆ ಬೇರೆಯೇ ನಿಷೇಧವಿದೆ. ಬಿಪಿ ಗುಣಪಡಿಸುತ್ತದೆ ಎಂದು ಸಾರುವ ಜಾಹೀರಾತನ್ನು ಕೊಟ್ಟವರು ಮಾತ್ರವಲ್ಲ, ಅದರ ಪ್ರಕಟಣೆಯಲ್ಲಿ ಯಾವುದೇ ರೀತಿ ಪಾಲುಗೊಂಡವರೂ ಹೊಣೆಗಾರರು. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಆದ್ದರಿಂದ ವರ್ಗೀಕೃತ ಜಾಹೀರಾತಿನ ವಿಭಾಗದವರು ‘ಬಿಪಿ ಗುಣ’, ‘ಮಾತ್ರೆ ಬಿಡಿ’ ಎಂಬ ಪದಗಳಿರುವ ಯಾವ ಪಟ್ಟಿ, ವಾಚು, ಕಡಗದ ಜಾಹೀರಾತನ್ನೂ ಸ್ವೀಕರಿಸದಂತೆ ಸೂಚನೆ ಕೊಡಿ. ಸುದ್ದಿಯಂತೆ ಕಾಣುವ ಪ್ರಾಯೋಜಿತ ಲೇಖನಗಳಿಗೂ ಇದೇ ನಿಯಮ ಇರಲಿ.

ಈ ಪತ್ರದೊಂದಿಗೆ ಏಳು ದಿನದ ಬಿಪಿ ಬರೆದುಕೊಳ್ಳುವ ಖಾಲಿ ಕೋಷ್ಟಕವೊಂದನ್ನು ಲಗತ್ತಿಸಿದ್ದೇವೆ. ದಿನಕ್ಕೆ ಬೆಳಿಗ್ಗೆ ಎರಡು, ರಾತ್ರಿ ಎರಡು ಮನೆ, ಮೊದಲ ದಿನದ ಸಾಲಿಗೆ ಅಡ್ಡಗೆರೆ, ಕೆಳಗೆ ಸರಾಸರಿ ಬರೆಯಲು ಜಾಗ, ಪಕ್ಕದಲ್ಲಿ ನುಂಗುತ್ತಿರುವ ಮಾತ್ರೆಯ ಹೆಸರು, ತೋಳಿನ ಸುತ್ತಳತೆ. ಎರಡು ಕಾಲಂ ಅಗಲದಲ್ಲಿ ಅಚ್ಚು ಹಾಕಿದರೆ ಓದುಗರು ಕತ್ತರಿಸಿಕೊಂಡು, ತುಂಬಿಸಿ, ವೈದ್ಯರ ಬಳಿಗೆ ಒಯ್ಯಬಹುದು. ಅಕ್ಷರ ಸ್ವಲ್ಪ ದಪ್ಪವಿರಲಿ, ಹಿರಿಯರು ಕನ್ನಡಕವಿಲ್ಲದೆಯೂ ಬರೆಯುವಂತಿರಬೇಕು.

ಇಂತಿ,
ಅಧಿಕ ರಕ್ತದೊತ್ತಡದ ಚಿಕಿತ್ಸೆಯಲ್ಲಿ ತೊಡಗಿರುವ ಕೆಲವು ವೈದ್ಯರು ಮತ್ತು ಫಿಸಿಯೋಥೆರಪಿಸ್ಟರು
ಮೈಸೂರು